ಅವ್ವನ ಕಾಲಿಗೆ ಹಾಕಿಸಿದ ಚರ್ಮ

ನಮ್ಮವ್ವ ಅಂದ್ರ ಔಷಧಿ ಅಂಗಡಿಯವ್ರಿಗೆ ತಲಿಶೂಲಿ. ಕ್ಯಾಪ್ಸೂಲ್ ಕೊಟ್ರ ವಾಪಸ್. ಅದರ ಸಿಪ್ಪಿ ಪ್ರಾಣಿಗಳ ಎಲುಬಿನಿಂದ ಮಾಡತಾರ ಅಂತ ಬಸದಿಯೊಳಗ ಯಾರೋ ಹೇಳಿದ್ರು, ಅವತ್ತಿನಿಂದ ಗುಳಿಗಿ ಇದ್ರಷ್ಟ ತಗೊಳ್ಳಾಕಿ. ಸಾಂಗ್ಲಿಯೊಳಗ ದೊಡ್ಡ ದೊಡ್ಡ ಅಂಗಡಿ ಆಗಿ, ಎಲ್ಲಾ ಪ್ಯಾಕೆಟ್ಟಿನ್ಯಾಗ ಬರಾಕ ಹತ್ತಿದ ಮ್ಯಾಲಂತೂ ನನ್ನ ಜೀವ ತಿಂದ್ಲು. ಬಿಸ್ಕಿಟಿನಿಂದ ಹಿಡದು ಟೂಥಪೇಸ್ಟ್ ತನಕ ಸಣ್ಣ ಅಕ್ಷರ ಓದಿ ಹೇಳಬೇಕು. ನಾ ಸಿಡಿಮಿಡಿ ಮಾಡ್ಕೋತ ಓದತಿದ್ದೆ. ಓದಿ ಹೇಳಿದ್ದನ್ನ ಆಕಿ ಒಮ್ಮಿನೂ ಸಂಶಯ ಪಡಲಿಲ್ಲ.

ಮಿರಜ ರಸ್ತಾ ಅಗಲ ಮಾಡೂವಾಗ ಒಂದು ಟೆಂಪೋ ಹಿಂದಕ್ಕ ಸರದು ಅವ್ವನ ಪಾದದ ಮ್ಯಾಲೆ ಹಾದು ಹೋತು. ಚರ್ಮ ಪೂರಾ ಕಿತ್ತು ಎಲುಬು ಕಾಣತಿತ್ತು. ಮಿರಜಿನ ಡಾಕ್ಟರು ನನ್ನ ಹೊರಗ ಕರದು ಮರಾಠಿಯೊಳಗ ಬಿಡಿಸಿ ಹೇಳಿದ್ರು. ಬರೀ ಎಲುಬಿನ ಮ್ಯಾಲೆ ಆಕಿ ತೊಡಿಯಿಂದ ತಗದ ಚರ್ಮ ಇಟ್ರ ಹತ್ತೂದಿಲ್ಲ. ಮೊದಲ ಕೃತಕ ಚರ್ಮದ ಹಾಳಿ ಹಾಕಬೇಕು. ಮೂರು ವಾರದಾಗ ಅದರೊಳಗ ರಕ್ತನಾಳ ಬೆಳೀತಾವು, ಆಮ್ಯಾಲೆ ತೊಡಿದು. ಇಲ್ಲಾಂದ್ರ ಪಾದ ಉಳಿಯೂದು ಕಷ್ಟ. ಆ ಹಾಳಿ ಆಕಳ ಸ್ನಾಯುರಜ್ಜಿನಿಂದ ಮಾಡಿದ್ದು, ತಾಯಿಗೆ ಇದನ್ನೂ ತಿಳಿಸಿ ಸಹಿ ಮಾಡಸ್ರಿ ಅಂದ್ರು. ನಾನ ಹೇಳತೇನಿ ಅಂತ ಕಾಗದ ಇಸಗೊಂಡೆ.

ಕೃತಕ ಚರ್ಮ ಹಾಕತಾರ ಅಂದಕೂಡಲೆ ಅವ್ವ ಕೇಳೇ ಕೇಳಿದ್ಲು.

"ಯಾತರದು ಅದು?"

"ಪ್ಲಾಸ್ಟಿಕ್ ಐತಿ," ಅಂದೆ.

ಸಹಿ ಮಾಡಿದ್ಲು. ನಾ ಕಾಗದ ಒಯ್ದು ಡಾಕ್ಟರಿಗೆ ಕೊಟ್ಟೆ.

ಪಾದ ಉಳೀತು. ಮ್ಯಾಲೆ ಒಂದೀಟು ನುಣ್ಣಗ, ಬಣ್ಣ ಬ್ಯಾರೆ, ಅಷ್ಟ. ಕೋಲು ಹಿಡಕೊಂಡು ಬಸದಿಗೂ ಹೋಗಾಕ ಹತ್ತಿದ್ಲು. ನನಗ ಸಂತೋಷ ಆಗಬೇಕಿತ್ತು, ಆತು ಸೈತ. ಆದ್ರ ಆಕಿ ದೇವರ ಮುಂದ ಕೈ ಮುಗದು ನಿಂತಾಗ ನಾ ಹೊರಗ ಚಪ್ಪಲಿ ಕಾಯಕೋತ ಕುಂದ್ರತಿದ್ದೆ.

ಒಂದು ದಿನ ಆರಗ ಊರಿನಿಂದ ಅವ್ವನ ತಂಗಿ, ನಮ್ಮ ಮಾವಶಿ ಬಂದಿದ್ಲು. ಅವ್ವ ಸೀರಿ ಸರಿಸಿ ಪಾದ ತೋರಿಸಿದ್ಲು. ಯಾವ ಜೀವದ್ದೂ ಅಲ್ಲ, ನಮ್ಮ ಮಗಳು ವಿಚಾರಿಸೇ ಹಾಕಿಸ್ಯಾಳ ಅಂತ ನನ್ನ ಹೊಗಳಿದ್ದ ಹೊಗಳಿದ್ದು. ನನಗ ತಡಕೊಳ್ಳಾಕ ಆಗಲಿಲ್ಲ. ಮಾವಶಿ ಬಸ್ಸು ಹತ್ತಿದ್ದ ತಡ, ಮನಿಗೆ ಬಂದು ಎಲ್ಲಾ ಹೇಳಿಬಿಟ್ಟೆ.

ಅವ್ವ ಪಾದದ ಮ್ಯಾಲೆ ಕೈ ಇಟ್ಟಕೊಂಡು ಕುಂತ್ಲು. ನಾ ಮಾತು ತಯಾರ ಇಟ್ಟಕೊಂಡಿದ್ದೆ: ಕುಂಟಿ ಆಗತಿದ್ದಿ, ಆಗ ಯಾರು ನೋಡತಿದ್ರು, ನಾ ಮತ್ತೇನು ಮಾಡಬೇಕಿತ್ತು. ಆಕಿ ಕೇಳಿದ್ರಲ್ಲ ಹೇಳೂದು. ಅವ್ವ ಸೀರಿ ಅಂಚು ಎಳದು ಪಾದ ಮುಚ್ಚಿ ಅಂದ್ಲು.

"ಕಾಲು ನಂದಿತ್ತಲ್ಲವಾ. ಖರೇ ಹೇಳಿ ಕೇಳಿದ್ರ, ನಾನೂ ಹೂಂ ಅಂತಿದ್ನೋ ಏನೋ."