ಕಿಟಕಿ ಬದಿಯ ಟೈಪ್ ಮೆಷಿನ್

ನಾನು ಕನ್ನಡ ಟೈಪ್ ಮೆಷಿನ್ ಆರಿಸಿಕೊಂಡದ್ದು ಕನ್ನಡದ ಮೇಲಿನ ಪ್ರೀತಿಗಲ್ಲ. ಅದು ಕಿಟಕಿಯ ಹತ್ತಿರ ಇತ್ತು, ಅಷ್ಟೇ.

ಮನೆಯವರು ಬೇರೆ ಕಥೆ ಹೇಳಿಕೊಂಡು ಬಂದಿದ್ದಾರೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಎಲ್ಲರೂ ಇಂಗ್ಲಿಷಿನ ಹಿಂದೆ ಓಡುತ್ತಿದ್ದಾಗ ನಮ್ಮ ಅವ್ವ ಕನ್ನಡವನ್ನೇ ಹಿಡಿದು ಕೂತರು ಎಂದು ನನ್ನ ಮಗ ಮದುವೆ ಮನೆಗಳಲ್ಲಿ ಹೇಳುತ್ತಾನೆ. ಅದನ್ನು ಕೇಳಿದ ಯಾರೋ ಒಂದು ನವೆಂಬರಿನಲ್ಲಿ ನನ್ನನ್ನು ಕರೆದು ಶಾಲು ಹೊದಿಸಿದರು. ಶಾಲು ಬೆಚ್ಚಗಿದೆ, ಈಗಲೂ ಹೊದೆಯುತ್ತೇನೆ. ಕಥೆ ಮಾತ್ರ ಸುಳ್ಳು.

ಮೊಮ್ಮಗಳು ಪೊನ್ನಂಪೇಟೆಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದಾಳೆ. ಪ್ರೋಗ್ರಾಂ ಬರೆಯಲು ಕಂಪ್ಯೂಟರಿನೊಳಗೆ ಹಾಳೆಯ ಹಾಗಿನ ಒಂದು ಎಡಿಟರ್ ಬೇಕಂತೆ, ಅದರಲ್ಲಿ ಹತ್ತಾರು ಬಗೆಯಂತೆ. ರಜೆಗೆ ಬಂದವಳು ಇಡೀ ವಾರ ಅದನ್ನು ಆರಿಸಿದಳು. ಒಂದರಲ್ಲಿ ಬಣ್ಣ ಚೆನ್ನಾಗಿದೆ, ಇನ್ನೊಂದು ಹಗುರ, ಮತ್ತೊಂದನ್ನು ದೊಡ್ಡ ದೊಡ್ಡವರು ಬಳಸುತ್ತಾರೆ ಎಂದು ಫೋನಿನಲ್ಲಿ ಗೆಳತಿಯರ ಜೊತೆ ವಾದ. ಪ್ರೋಗ್ರಾಂ ಒಂದೂ ಬರೆಯಲಿಲ್ಲ. ಕೊನೆಗೆ ನನ್ನ ಹತ್ತಿರ ಬಂದು, ಅಜ್ಜಿ, ನಿಮ್ಮ ಕಾಲದಲ್ಲಿ ನೀವು ಮೆಷಿನ್ ಹೇಗೆ ಆರಿಸಿದಿರಿ ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ಐದನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅಪ್ಪ ಹೋದ ಮೇಲೆ ನಾನು ಮತ್ತು ಅವ್ವ ನಾಪೋಕ್ಲಿನ ಹತ್ತಿರ ಅವ್ವನ ಅಣ್ಣನ ಮನೆಯಲ್ಲಿದ್ದೆವು. ಮಾವ ಒಳ್ಳೆಯವರು. ಅತ್ತೆಯೂ ಕೆಟ್ಟವರಲ್ಲ. ಆದರೆ ಒಲೆ ಅತ್ತೆಯದು. ಅಡುಗೆ ಮಾಡುತ್ತಿದ್ದುದು ಅವ್ವ. ಸಾರಿಗೆ ಉಪ್ಪು ಹಾಕುವ ಮೊದಲು ಅವ್ವ ಪ್ರತಿ ಸಲ ಅತ್ತೆಯ ಮುಖ ನೋಡುತ್ತಿದ್ದಳು. ಅದನ್ನು ಕಂಡು ನನಗೆ ಊಟ ಸೇರುತ್ತಿರಲಿಲ್ಲ ಎಂದೇನೂ ಹೇಳುವುದಿಲ್ಲ, ಚೆನ್ನಾಗಿಯೇ ಉಣ್ಣುತ್ತಿದ್ದೆ. ಆದರೆ ಅವ್ವನಿಗೆ ಅವಳದೇ ಒಂದು ಒಲೆ ಆಗಬೇಕು ಎಂದು ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಊರಿನ ಸಹಕಾರ ಸಂಘದ ಕಾರ್ಯದರ್ಶಿ ಮಾವನಿಗೆ ಬೇಕಾದವರು. ನಮ್ಮ ಗುಮಾಸ್ತ ಬಿಟ್ಟು ಹೋಗುವವನಿದ್ದಾನೆ, ನಿಮ್ಮ ತಂಗಿಯ ಮಗಳಿಗೆ ಟೈಪು ಬಂದರೆ ಅವಳನ್ನೇ ತೆಗೆದುಕೊಳ್ಳುತ್ತೇವೆ ಎಂದರಂತೆ. ಸಂಘದ ಹಿಂದುಗಡೆ ಗುಮಾಸ್ತರಿಗೆಂದು ಒಂದು ಕೋಣೆ ಇತ್ತು. ಅದರಲ್ಲಿ ಒಂದು ಒಲೆ ಇತ್ತು. ನಾನು ಬಾಗಿಲ ಸಂದಿನಿಂದ ನೋಡಿ ಬಂದೆ.

ಟೈಪು ಕಲಿಸುತ್ತಿದ್ದುದು ಮಡಿಕೇರಿಯಲ್ಲಿ. ಮಾವ ಒಪ್ಪಿದರು, ನಮ್ಮ ಮನೆಯ ಅರೆಭಾಷೆಯಲ್ಲಿ ಒಂದು ಮಾತು ಹೇಳಿ.

"ಹೋಗ್, ಕಲಿ. ಆದರೆ ಮನೆಲಿ ದೀಪ ಹಚ್ಚುವ ಮೊದ್ಲು ನೀ ಒಳಗೆ ಇರೊಕು. ಒಂದ್ ದಿನ ತಪ್ಪಿರೆ ಮಾರ್ನೆ ದಿನಂದ ಇಲ್ಲೆ."

ಮಡಿಕೇರಿಯಿಂದ ನಮ್ಮ ಕಡೆಗೆ ಸಂಜೆ ಒಂದೇ ಬಸ್ಸು. ಅದಕ್ಕೆ ಹೊತ್ತು ಗೊತ್ತು ಏನೂ ಇರಲಿಲ್ಲ. ಮೇಲೆ ಸಾಮಾನು ತುಂಬಿದರೆ ಹೊರಡುತ್ತಿತ್ತು, ತುಂಬದಿದ್ದರೆ ನಿಲ್ಲುತ್ತಿತ್ತು. ಅದು ತಪ್ಪಿದರೆ ಕಲಿಕೆಯೂ ತಪ್ಪಿತು, ಒಲೆಯೂ ತಪ್ಪಿತು.

ಟೈಪಿಂಗ್ ಕ್ಲಾಸು ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ. ಮೂರು ಇಂಗ್ಲಿಷ್ ಮೆಷಿನ್, ಒಂದು ಕನ್ನಡ ಮೆಷಿನ್. ನಾನು ಹೋದ ದಿನ ಅಲ್ಲಿ ಯಾರೂ ಟೈಪ್ ಮಾಡುತ್ತಿರಲಿಲ್ಲ, ಎಲ್ಲರೂ ಯಾವ ಮೆಷಿನ್ ಒಳ್ಳೆಯದು ಎಂದು ಮಾತಾಡುತ್ತಿದ್ದರು. ಬಿಗಿ ಪ್ಯಾಂಟಿನ ಒಬ್ಬ, ಗೋಡೆ ಬದಿಯದರ ಕೀ ಬೆಣ್ಣೆಯ ಹಾಗೆ ಇಳಿಯುತ್ತದೆ ಎಂದ. ಇನ್ನೊಬ್ಬ ತನ್ನದರಲ್ಲಿ ಕೆಂಪು ರಿಬ್ಬನ್ನೂ ಇದೆ ಎಂದ. ಕೆಂಪಿನಲ್ಲಿ ಏನು ಹೊಡೆಯುತ್ತೀ ಎಂದರೆ ಅವನಿಗೂ ಗೊತ್ತಿರಲಿಲ್ಲ. ಯಾವುದೋ ಕಚೇರಿಯ ಹೆಡ್ ಕ್ಲರ್ಕಿನ ಮಗಳೊಬ್ಬಳು, ಅಪ್ಪನ ಆಫೀಸಿನಲ್ಲಿ ಇರುವುದೇ ಈ ಜಾತಿ, ಆದ್ದರಿಂದ ಇದರಲ್ಲೇ ಕಲಿಯಬೇಕು ಎಂದಳು. ಅಲ್ಲಿ ಬುದ್ಧಿಯ ಮಾತು ಆಡಿದವಳು ಅವಳೊಬ್ಬಳೇ. ಅದು ನನಗೆ ಆಮೇಲೆ ಗೊತ್ತಾಯಿತು.

ಮೇಷ್ಟ್ರು ಕೊಯಮತ್ತೂರಿನ ಕಡೆಯವರು. ನಾನು ನಿಂತೇ ಇದ್ದದ್ದು ನೋಡಿ, "ಯಾವುದರಲ್ಲಾದ್ರೂ ಕೂತ್ಕೋಮ್ಮಾ. ಮೆಷಿನ್ ನಂದು, ಬೆರಳು ನಿಂದು" ಎಂದರು.

ನಾನು ನೋಡುತ್ತಿದ್ದುದು ಮೆಷಿನ್ ಅಲ್ಲ. ಕನ್ನಡ ಮೆಷಿನಿನ ಹಿಂದೆ ಕಿಟಕಿ ಇತ್ತು. ಅದರಿಂದ ಕೆಳಗೆ ನಿಲ್ಲುವ ನಮ್ಮ ಬಸ್ಸಿನ ತಲೆ ಸರಿಯಾಗಿ ಕಾಣುತ್ತಿತ್ತು. ಅಲ್ಲೇ ಕೂತೆ.

ಹೆಡ್ ಕ್ಲರ್ಕಿನ ಮಗಳು ನಕ್ಕಳು. "ಕನ್ನಡದಲ್ಲಿ ಕಲ್ತು ಯಾರಿಗೆ ಕಾಗದ ಹೊಡೀತೀರಿ ಮಾರಾಯ್ತಿ, ನಿಮ್ಮ ಅವ್ವನಿಗಾ?"

"ಅವ್ವನಿಗೆ ಓದ್ಲಿಕ್ಕೆ ಬರೋದಿಲ್ಲ" ಎಂದೆ. ಅದು ನಿಜವಾಗಿತ್ತು.

ಸಂಘದಲ್ಲಿ ಯಾವ ಮೆಷಿನ್ ಇದೆ ಎಂದು ಮಾವ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಸಂಘದ ಬೋರ್ಡನ್ನು ಆಗಷ್ಟೇ ಕನ್ನಡದಲ್ಲಿ ಹೊಸದಾಗಿ ಬರೆಸಿದ್ದರು. ಇನ್ನು ಮೇಲೆ ಎಲ್ಲ ಕನ್ನಡವೇ ಎಂದು ಊರಿನಲ್ಲಿ ಮಾತಿತ್ತು. ಹೊರಗೆ ಕನ್ನಡ ಇದ್ದರೆ ಒಳಗೂ ಇರುತ್ತದೆ ಎಂದುಕೊಂಡೆ.

ಬಸ್ಸಿನ ತಲೆಯ ಮೇಲೆ ಸಾಮಾನು ಏರಿಸುವುದಕ್ಕೆ ಒಂದು ಕ್ರಮ ಇತ್ತು. ಮೊದಲು ಉಪ್ಪಿನ ಮೂಟೆ, ಆಮೇಲೆ ಸೀಮೆಎಣ್ಣೆ ಡಬ್ಬ, ಆಮೇಲೆ ಬುಟ್ಟಿ, ಪೊರಕೆ, ಕೋಳಿ. ಎಲ್ಲಕ್ಕಿಂತ ಕೊನೆಗೆ ಒಣಮೀನಿನ ಬುಟ್ಟಿ. ಅದನ್ನು ಕೆಳಗೆ ಇಟ್ಟರೆ ಬೇರೆಯವರ ಸಾಮಾನು ನಾರುತ್ತದೆ, ಜನ ಜಗಳಕ್ಕೆ ಬರುತ್ತಾರೆ. ಹಾಗಾಗಿ ಮೀನು ಏರಿತೆಂದರೆ ಮುಗಿಯಿತು, ಹಗ್ಗ ಬಿಗಿದು ಹೊರಟುಬಿಡುತ್ತಾರೆ. ನಾನು ಮೀನಿನ ಬುಟ್ಟಿ ಕಾಯುತ್ತಾ ಟೈಪ್ ಮಾಡುತ್ತಿದ್ದೆ. ಬುಟ್ಟಿ ಏಣಿ ಹತ್ತಿದ್ದು ಕಂಡರೆ ಮೆಷಿನಿಗೆ ಬಟ್ಟೆ ಮುಚ್ಚಿ ಮೆಟ್ಟಿಲು ಇಳಿಯುತ್ತಿದ್ದೆ.

ಇದರಿಂದ ಒಂದು ಆಯಿತು. ನಾನು ಕೀ ನೋಡುತ್ತಲೇ ಇರಲಿಲ್ಲ. ಬೇರೆಯವರು ಒಂದೊಂದು ಅಕ್ಷರವನ್ನೂ ತಲೆ ಬಗ್ಗಿಸಿ ಹುಡುಕುತ್ತಿದ್ದರು. ನನ್ನ ಕಣ್ಣು ಕಿಟಕಿಯ ಹೊರಗೆ, ಬೆರಳು ತಮ್ಮಷ್ಟಕ್ಕೆ ಕೆಲಸದಲ್ಲಿ. ಮೇಷ್ಟ್ರು ಬಹಳ ಮೆಚ್ಚಿದರು. ಎಲ್ಲರನ್ನೂ ನನ್ನ ಹಿಂದೆ ನಿಲ್ಲಿಸಿ ತೋರಿಸಿದರು.

"ಪಾರು. ಕೀ ನೋಡ್ತಾಳಾ? ಇಲ್ಲ. ಮನಸ್ಸು ಪೂರಾ ಪಾಠದಲ್ಲಿ." ಪಾರು ಎಂದರೆ ಅವರ ತಮಿಳಿನಲ್ಲಿ ನೋಡು ಎಂದು.

ಕೆಳಗೆ ಆಗ ಕೋಳಿ ಏರಿಸುತ್ತಿದ್ದರು.

ಒಂದು ದಿನ ಒಣಮೀನಿನ ಅಂಗಡಿಯವರ ಮನೆಯಲ್ಲಿ ಮದುವೆ, ಅಂಗಡಿ ಮುಚ್ಚಿತ್ತು. ನನಗೆ ಗೊತ್ತಿಲ್ಲ. ನಾನು ಮೀನು ಏರಲಿ ಎಂದು ಕಾದೇ ಕಾದೆ. ನೋಡುತ್ತಿದ್ದಂತೆ ಬಸ್ಸೇ ಹೊರಟಿತು. ಬಟ್ಟೆ ಮುಚ್ಚದೆ ಓಡಿದೆ. ಇಳಿಜಾರಿನ ತಿರುವಿನಲ್ಲಿ ಕಂಡಕ್ಟರ್ ನೋಡಿ ನಿಲ್ಲಿಸಿದ. ಅದು ಸಾಲದು ಎಂದು ದಾರಿಯಲ್ಲಿ ಚಕ್ರದ ಗಾಳಿ ಹೋಯಿತು. ಮನೆ ಮುಟ್ಟುವಾಗ ಅತ್ತೆ ದೀಪ ಹಿಡಿದು ಅಂಗಳದಲ್ಲೇ ನಿಂತಿದ್ದರು.

"ದೀಪ ಹಚ್ಚಿ ಆತ್" ಎಂದರು, ನನಗಲ್ಲ, ಜಗಲಿಯಲ್ಲಿದ್ದ ಮಾವನಿಗೆ.

ಮಾವ ಆಕಾಶ ನೋಡಿದರು. ಆಮೇಲೆ ದೀಪ ನೋಡಿದರು. "ಇನ್ನೂ ಬೆಳಕ್ ಉಟ್ಟು. ಎಣ್ಣೆ ಯಾಕೆ ದಂಡ ಮಾಡ್ದು?" ಎಂದರು. ಅತ್ತೆ ದೀಪ ಊದಿದರು. ನಾನು ಒಳಗೆ ಹೋದ ಮೇಲೆ ಪುನಃ ಹಚ್ಚಿದರು.

ಭತ್ತ ಹಣ್ಣಾಗುತ್ತಾ ಬಂದಾಗ ಕಾರ್ಯದರ್ಶಿ ಹೇಳಿ ಕಳಿಸಿದರು, ಹುಡುಗಿಯ ಟೈಪು ನೋಡೋಣ ಎಂದು. ಮಾವ ಕೋಟು ಹಾಕಿಕೊಂಡು ನನ್ನ ಜೊತೆ ಬಂದರು. ಕಾರ್ಯದರ್ಶಿ ಕೈಬರಹದ ಒಂದು ಕಾಗದ ಕೊಟ್ಟು ಮೆಷಿನಿನ ಬಟ್ಟೆ ತೆಗೆದರು. ಕಾಗದವೂ ಇಂಗ್ಲಿಷ್, ಮೆಷಿನೂ ಇಂಗ್ಲಿಷ್.

ಆಗಲೇ ಎದ್ದು ಹೇಳಬಹುದಿತ್ತು. ಆದರೆ ಮಾವ ಕೋಟು ಹಾಕಿ ನಿಂತಿದ್ದರು. ಬೆರಳು ಇಟ್ಟೆ. ಅಲ್ಲಿ ಕಿಟಕಿ ಇರಲಿಲ್ಲ, ಗೋಡೆ ಇತ್ತು. ಗೋಡೆ ನೋಡುತ್ತಾ, ಬಾಯಿಗೆ ಬಂದಿದ್ದ ಕನ್ನಡ ಪಾಠವನ್ನೇ ಹೊಡೆದೆ. ಬೆರಳುಗಳು ಕನ್ನಡ ಮೆಷಿನಿನ ಜಾಗಗಳಿಗೇ ಹೋದವು. ಬೇರೆ ದಾರಿ ಅವಕ್ಕೆ ಗೊತ್ತಿರಲಿಲ್ಲ. ನಿಲ್ಲದೆ ಒಂದು ಹಾಳೆ ತುಂಬಿಸಿ ಕೊಟ್ಟೆ. ಇಂಗ್ಲಿಷ್ ಅಕ್ಷರ ಬೇಕಾದಷ್ಟಿತ್ತು, ಇಂಗ್ಲಿಷ್ ಪದ ಒಂದೂ ಇರಲಿಲ್ಲ.

ಕಾರ್ಯದರ್ಶಿ ಕನ್ನಡಕ ಹಾಕಿ ಮೇಲಿನಿಂದ ಕೆಳಗಿನವರೆಗೆ ಓದಿದರು. ನಗಲಿಲ್ಲ.

"ವೇಗ ಉಂಟು" ಎಂದರು. "ಇದು ಯಾವ ದೇಶದ್ದು ಅಂತ ಗೊತ್ತಾದ್ರೆ ಅಲ್ಲಿಗೆ ಕಳಿಸ್ಬಹುದು."

ಆಮೇಲೆ ಮಾವನ ಮುಖ ನೋಡಿ ಸ್ವಲ್ಪ ಮೆತ್ತಗಾದರು. ಗುಮಾಸ್ತ ಹೋಗುವುದು ಕೊಯ್ಲಿನ ಪುತ್ತರಿ ಹಬ್ಬ ಕಳೆದ ಮೇಲೆ. ಅಷ್ಟರೊಳಗೆ ಈ ಕಾಗದವನ್ನು ಇದ್ದ ಹಾಗೆ ಹೊಡೆದು ತಂದರೆ ಕೆಲಸ ನನಗೆ. ಅರ್ಥ ಗೊತ್ತಾಗಬೇಕೆಂದಿಲ್ಲ, ಅಕ್ಷರ ನೋಡಿ ಅಕ್ಷರ ಹೊಡೆದರೆ ಸಾಕು. ಇಲ್ಲವಾದರೆ ಮಡಿಕೇರಿಯ ಒಬ್ಬ ಗಂಡಸು ಆಗಲೇ ಕೇಳಿಕೊಂಡು ಹೋಗಿದ್ದಾನೆ ಎಂದರು.

ಗದ್ದೆ ಏರಿಯ ಮೇಲೆ ಮಾವ ಮುಂದೆ, ನಾನು ಹಿಂದೆ. ಅರ್ಧ ದಾರಿ ನಡೆದೆವು. ಆಮೇಲೆ ತಿರುಗದೆ ಕೇಳಿದರು.

"ಇಷ್ಟ್ ದಿನ ಅಲ್ಲಿ ಏನ್ ಕಲ್ತದ್?"

"ಟೈಪ್. ಮೆಷಿನ್ ಬೇರೆ" ಎಂದೆ.

"ಮತ್ತೆ ಆ ಮೆಷಿನ್ ಯಾಕೆ ಹಿಡ್ದದ್?"

"ಅಲ್ಲಿಂದ ಬಸ್ ಕಂಡದೆ."

ಮಾವ ನಿಂತರು. ದೀಪದ ಮಾತು ಹೇಳಿದವರು ತಾವೇ ಎಂದು ನೆನಪಾಯಿತೋ ಏನೋ. ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡು ನಡೆದರು. ದೀಪದ ನಿಯಮ ಬಿಟ್ಟೆ ಎಂದು ಹೇಳಲಿಲ್ಲ. ಇನ್ನು ಹೋಗಬೇಡ ಎಂದೂ ಹೇಳಲಿಲ್ಲ.

ಆ ದಿನ ಮಲಗುವಾಗ ಅವ್ವನಿಗೆ ಎಲ್ಲ ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡಳು. ನಿದ್ದೆ ಬಂತು ಎಂದುಕೊಂಡೆ.

"ಆ ಕೋಣೆಲಿ ಒಲೆ ಯಾವ ಬದಿ ಉಟ್ಟು?" ಎಂದಳು.

"ಬಾಗ್ಲ್ ಹತ್ರ."

"ಅಲ್ಲಿ ಗಾಳಿ ಬಂದದೆ. ಹೊಗೆ ಒಳಗೆ ತಿರ್ಗುದು" ಎಂದಳು. ಹಾಗೆಂದು ಆ ಕಡೆ ತಿರುಗಿ ಮಲಗಿದಳು.

ಮುಂದೆ ಆ ಒಲೆಯಲ್ಲಿ ಅವ್ವ ಅನೇಕ ವರ್ಷ ಬೇಯಿಸಿದಳು. ಹೊಗೆ ಒಳಗೇ ತಿರುಗುತ್ತಿತ್ತು. ಉಪ್ಪು ಯಾವಾಗಲೂ ಒಂದು ಚಿಟಿಕೆ ಹೆಚ್ಚು, ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕನ್ನಡ ಮೆಷಿನ್ ಸಂಘಕ್ಕೆ ಬಂದದ್ದು ಎಷ್ಟೋ ಕಾಲದ ಮೇಲೆ. ಅದನ್ನು ಹೊಡೆಯಬಲ್ಲವಳು ಅಲ್ಲಿ ನಾನೊಬ್ಬಳೇ ಇದ್ದೆ, ಶಾಲಿನ ಕಥೆ ಹುಟ್ಟಿದ್ದು ಅಲ್ಲಿಂದ. ಮೊಮ್ಮಗಳು ಇಷ್ಟು ಕೇಳಿ, ಹಾಗಾದರೆ ನಾನು ಯಾವ ಎಡಿಟರ್ ತೆಗೆದುಕೊಳ್ಳಲಿ ಎಂದಳು. ನನಗೆ ಹೇಗೆ ಗೊತ್ತು? ಮಾರನೇ ದಿನ ನಾನು ಏನು ಮಾಡಿದೆ ಎಂಬುದನ್ನು ಮಾತ್ರ ಹೇಳಿದೆ.

ಮಾರನೇ ದಿನ ಬೆಳಗಿನ ಮೊದಲ ಬಸ್ಸಿಗೆ ಹೋದೆ. ಮೇಷ್ಟ್ರು ಆಗಷ್ಟೇ ಬೀಗ ತೆಗೆಯುತ್ತಿದ್ದರು. ಒಳಗೆ ಯಾರೂ ಇರಲಿಲ್ಲ. ಕಾಫಿ ಮೂಟೆ ಎತ್ತಿದವಳಿಗೆ ಟೈಪ್ ಮೆಷಿನ್ ಒಂದು ಭಾರವಲ್ಲ. ಕನ್ನಡ ಮೆಷಿನನ್ನು ಎತ್ತಿ ಗೋಡೆ ಬದಿಗೆ ಇಟ್ಟೆ. ಗೋಡೆ ಬದಿಯ ಇಂಗ್ಲಿಷ್ ಮೆಷಿನನ್ನು ಎತ್ತಿ ಕಿಟಕಿಯ ಬಳಿ ಇಟ್ಟೆ. ಅಷ್ಟು ದಿನ ಅಲ್ಲಿ ಅಷ್ಟೊಂದು ಚರ್ಚೆಯಾಗಿತ್ತು, ಮೆಷಿನನ್ನು ಎತ್ತಿ ಇಡಬಹುದು ಎಂದು ಯಾರೂ ಹೇಳಿರಲಿಲ್ಲ.

"ಏನಮ್ಮಾ ಇದು?" ಎಂದರು ಮೇಷ್ಟ್ರು.

"ಬಸ್ಸು ಕಾಣ್ಬೇಕು" ಎಂದೆ.

ಅವರು ಕಿಟಕಿಗೆ ಬಂದು ಬಗ್ಗಿ ಕೆಳಗೆ ನೋಡಿದರು. ನಾನು ಕಾಗದ ಸಿಕ್ಕಿಸಿದೆ.