ಮುಂದಿನ ಕೋಣೆಗೆ ಐದು ಗೋಡೆ

ಕ್ಲಾರಿ ಪ್ಯಾಸ್ಕೋ ಎಪ್ಪತ್ತೈದನೆಯ ವಯಸ್ಸಿನಲ್ಲಿ ಉದ್ದವಾಗತೊಡಗಿದ್ದಾನೆ ಎಂಬುದು ಮೊದಲು ಗೊತ್ತಾದದ್ದು ಅವನ ಹೆಂಡತಿ ಎನಿಡ್‌ಗೆ. ಸೋಮವಾರ ಬೀದಿ ಕಡೆಯ ಮುಂದಿನ ಕೋಣೆಯ ದೀಪದ ಬುರುಡೆಗೆ ಅವನ ಹಣೆ ಬಡಿಯಿತು. ಮಂಗಳವಾರ ಬಾಗಿಲ ಮೇಲ್ಪಟ್ಟಿಗೆ ನೆತ್ತಿ ಬಡಿಯಿತು. ಬುಧವಾರ ಎರಡೂ ಆದವು. ಪ್ರತಿ ಸಲವೂ ಫ್ರಿಜ್ಜಿನಿಂದ ಹೆಪ್ಪುಗಟ್ಟಿದ ಬಟಾಣಿಯ ಪೊಟ್ಟಣ ತೆಗೆದು ಅವನ ತಲೆಯ ಮೇಲಿಟ್ಟು ಎನಿಡ್ ಯೋಚನೆಗೆ ಬಿದ್ದಳು.

"ನೀನು ಬೆಳೀತಾ ಇದ್ದೀಯ ಕಣೋ," ಅಂದಳು ಕೊನೆಗೆ.

"ಈ ವಯಸ್ಸಲ್ಲಾ?"

"ಮುದುಕರಿಗೆ ಕಿವಿ ಬೆಳೆಯಲ್ವಾ? ನಿಂಗೆ ಕಾಲು ಬೆಳೀತಿದೆ. ನಡಿ, ಡಾಕ್ಟ್ರ ಹತ್ರ ಹೋಗೋಣ."

ಕ್ಲಾರಿ ಬ್ರೋಕನ್ ಹಿಲ್ ಎಂಬ ಆ ಊರಿನ ಗಣಿಯಲ್ಲಿ ಮೂವತ್ತನಾಲ್ಕು ವರ್ಷ ಬಂಡೆ ಕೊರೆದವನು. ತಲೆಗೆ ಏನಾದರೂ ತಾಗಿದರೆ ತಲೆ ತಗ್ಗಿಸಬೇಕು, ವಾದ ಮಾಡಬಾರದು ಎಂದು ಅಲ್ಲೇ ಕಲಿತಿದ್ದ. ಹೆಂಡತಿಯ ವಿಷಯದಲ್ಲೂ ಅವನ ಪದ್ಧತಿ ಅದೇ ಆಗಿತ್ತು. ಹೊರಟ.

ಡಾಕ್ಟರು ಅವನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಅಳೆದರು. ಹಳೆಯ ಕಾಗದ ತೆಗೆದು ನೋಡಿದರು. ಇನ್ನೊಮ್ಮೆ ಅಳೆದರು.

"ಮಿಸೆಸ್ ಪ್ಯಾಸ್ಕೋ, ಇವರು ನಾಲ್ಕು ಸೆಂಟಿಮೀಟರು ಕುಗ್ಗಿದ್ದಾರೆ."

"ನಿಮ್ಮ ಟೇಪು ಹಳೇದಿರ್ಬೇಕು ಡಾಕ್ಟ್ರೇ."

"ಟೇಪು ಹೊಸದು."

"ಹಾಗಾದ್ರೆ ಮನೇಲಿ ಮಾತ್ರ ಉದ್ದ ಆಗ್ತಾರೇನೋ," ಅಂದಳು ಎನಿಡ್. ಡಾಕ್ಟರು ಅವಳ ರಕ್ತದೊತ್ತಡವನ್ನೂ ಪರೀಕ್ಷಿಸಿ ಕಳಿಸಿದರು.

ಗಂಡ ಬೆಳೆಯುತ್ತಿಲ್ಲವೆಂದರೆ ಮನೆ ಕುಸಿಯುತ್ತಿರಬೇಕು. ಇದು ಎನಿಡ್‌ಳ ಎರಡನೆಯ ತೀರ್ಮಾನ, ಮತ್ತು ಆ ಊರಿನಲ್ಲಿ ಯಾರೂ ನಗುವಂಥದ್ದಲ್ಲ. ಊರಿನ ಕೆಳಗೆ ನೂರಾರು ಮೈಲಿ ಸುರಂಗ. ಅದರಲ್ಲಿ ಎಷ್ಟೋ ಭಾಗವನ್ನು ಕ್ಲಾರಿಯೇ ಕೊರೆದಿದ್ದ. ಮೇಲೆ ವಾಸಿಸುವ ಪ್ರತಿಯೊಬ್ಬ ಹೆಂಗಸೂ ಒಂದಲ್ಲ ಒಂದು ದಿನ ಚಹಾ ಕುಡಿಯುತ್ತಾ ಕುರ್ಚಿ ಸಮೇತ ಕೆಳಗಿಳಿಯುವ ಕನಸು ಕಂಡವಳೇ. ಎನಿಡ್ ಫೋನು ಮಾಡಿದಳು. ನೆಲ ಅಳೆಯುವವರು ಇಬ್ಬರು ಮೂರು ಕಾಲಿನ ಯಂತ್ರ ಹೊತ್ತು ಬಂದು ಇಡೀ ಬೆಳಿಗ್ಗೆ ಅಂಗಳದಲ್ಲಿ ಕಣ್ಣು ಕಿರಿದು ಮಾಡಿಕೊಂಡು ನಿಂತರು.

"ಕೂದಲೆಳೆಯಷ್ಟೂ ಜಗ್ಗಿಲ್ಲ ಮೇಡಂ," ಅಂದ ಹಿರಿಯವ, ಎನಿಡ್ ಕೊಟ್ಟ ಮಾಂಸ-ಆಲೂಗಡ್ಡೆಯ ಪಾಸ್ಟಿ ಕಚ್ಚುತ್ತಾ. "ಈ ಬೀದೀಲಿ ನಿಮ್ಮದೇ ಗಟ್ಟಿ."

"ಮತ್ತೆ ಇವನ ತಲೆ ಯಾಕೆ ಬಡಿಯುತ್ತೆ?"

ಆತ ಕ್ಲಾರಿಯ ಹಣೆಯ ಬುಗುಟು ನೋಡಿದ. "ಅದು ನಮ್ಮ ಇಲಾಖೆ ಅಲ್ಲ."

ಎನಿಡ್ ಆ ಮನೆಗೆ ಸೊಸೆಯಾಗಿ ಬಂದದ್ದು ಇಪ್ಪತ್ತನೆಯ ವಯಸ್ಸಿಗೆ, ೧೯೬೨ರಲ್ಲಿ. ಹೊರಗೆಲ್ಲ ತಗಡು, ಒಳಗೆಲ್ಲ ಹಲಗೆ, ಹನ್ನೊಂದು ಅಡಿ ಎತ್ತರದ ಸೂರು. ಮುಂದಿನ ಕೋಣೆ ಮಾತ್ರ ಅತ್ತೆ ಹಿಲ್ಡಾಳದು. ಅದರ ಗೋಡೆಗೆ ಕಂದು ಬಣ್ಣದ ಕಾಗದ, ಕಾಗದದ ತುಂಬ ಕಾಡುಕೋಳಿಗಳು. ಒಂದೊಂದು ಕೋಳಿಯೂ ಅತ್ತೆಯ ಹಾಗೇ ಕತ್ತು ತಿರುಗಿಸಿ ನೋಡುತ್ತಿತ್ತು. ಒಂಬತ್ತು ವರ್ಷ ಎನಿಡ್ ಆ ಕೋಳಿಗಳ ಧೂಳು ಒರೆಸಿದಳು. ಊರಿನ ಕೆಂಪು ಧೂಳು ಬೀಗದ ಕಿಂಡಿಯಲ್ಲೂ ನುಗ್ಗುವಂಥದ್ದು, ಅದಕ್ಕೂ ಆ ಕೋಳಿಗಳ ಮೇಲೆ ವಿಶೇಷ ಪ್ರೀತಿ.

ಹಿಲ್ಡಾ ಸಾಯುವ ಮುಂಚೆ ಸೊಸೆಯ ಮಣಿಕಟ್ಟು ಹಿಡಿದು ಹೇಳಿದ್ದು ಒಂದೇ ಮಾತು: "ನನ್ನ ಗೋಡೆ ಮುಟ್ಟಬೇಡ."

"ಮುಟ್ಟಲ್ಲ," ಅಂದಳು ಎನಿಡ್. ಮಾತು ಕೊಟ್ಟ ಮೇಲೆ ತಪ್ಪುವ ಹೆಂಗಸಲ್ಲ ಅವಳು. ಅಂತ್ಯಕ್ರಿಯೆ ಮುಗಿದ ಎರಡನೆಯ ವಾರ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಮರದ ಚೌಕಟ್ಟು ನಿಲ್ಲಿಸಿ, ಅದರ ಮೇಲೆ ಪೈನ್ ಹಲಗೆ ಹೊಡೆಸಿದಳು. ಹಿಲ್ಡಾಳ ಗೋಡೆಯನ್ನು ಒಂದು ಮೊಳೆಯೂ ಮುಟ್ಟಲಿಲ್ಲ. ಅವತ್ತು ಆ ಕೋಣೆಯಲ್ಲಿ ಕೂತು ಕುಡಿದಷ್ಟು ರುಚಿಯಾದ ಚಹಾ ತಾನು ಎಂದೂ ಕುಡಿದಿಲ್ಲ ಎಂದು ಎನಿಡ್ ಈಗಲೂ ಹೇಳುತ್ತಾಳೆ.

ಆ ಚಹಾದ ರುಚಿಯೇ ಅವಳನ್ನು ಕೆಡಿಸಿದ್ದು. ಎಂಟು ವರ್ಷಕ್ಕೆ ಪೈನ್ ಹಲಗೆ ಹಳತಾಯಿತು, ಊರಲ್ಲೆಲ್ಲ ಗೋಡೆಗೆ ಬಿರಡೆಮರದ, ಅಂದರೆ ಕಾರ್ಕಿನ, ಬಿಲ್ಲೆ ಬಂತು. ಮುಂದೆ ಗುಲಾಬಿ ಬಣ್ಣದ ಪ್ಲಾಸ್ಟರು ಹಾಳೆ. ಆಮೇಲೆ ಬಿಳಿ. ಆಮೇಲೆ ಮೋಡದ ಬೂದಿ. ಹಳೆಯದನ್ನು ಕಿತ್ತರೆ ಧೂಳೇಳುತ್ತದೆ, ಮೇಲಾಗಿ ಕೊನೆಗೆ ಅತ್ತೆಯ ಗೋಡೆ ಸಿಗುತ್ತದೆ. ಅದಕ್ಕೇ ಪ್ರತಿ ಸಲವೂ ಹಳೆಯದರ ಮುಂದೆ ಹೊಸ ಚೌಕಟ್ಟು, ಹಳೆಯ ಸೂರಿನ ಕೆಳಗೆ ಹೊಸ ಸೂರು, ಹಳೆಯ ಹಾಸಿನ ಮೇಲೆ ಹೊಸ ಹಾಸು. ನೆಲ ಏರಿದಾಗಲೆಲ್ಲ ಕ್ಲಾರಿ ಗರಗಸ ತಂದು ಬಾಗಿಲ ಬುಡ ಕತ್ತರಿಸುತ್ತಿದ್ದ. ಎನಿಡ್ ಐದಡಿಯ ಹೆಂಗಸು, ಅವಳಿಗೆ ಸೂರು ಎಲ್ಲಿದ್ದರೂ ಆಕಾಶವೇ. ಕ್ಲಾರಿ ಆರಡಿ ಎರಡಂಗುಲ. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೂ ಬೆನ್ನು ಬಾಗಿಸಿಯೇ ಓಡಾಡುತ್ತಿದ್ದವನು, ಎಪ್ಪತ್ತೈದನೆಯ ವರ್ಷದಲ್ಲಿ ಬೆನ್ನುನೋವಿಗೆಂದು ಯಾರೋ ಹೇಳಿಕೊಟ್ಟ ವ್ಯಾಯಾಮ ಮಾಡಿ ನೆಟ್ಟಗೆ ನಿಲ್ಲಲು ಶುರು ಮಾಡಿದ್ದ. ಬುಗುಟುಗಳ ಕಾಲ ಶುರುವಾದದ್ದು ಹಾಗೆ.

ನಿಜಸ್ಥಿತಿ ಬಯಲಾದದ್ದು ನೆವ್‌ನಿಂದ. ನೆವ್ ಕಿಟಕಿ ಪರದೆ ಹಾಕುವವನು, ದೊಡ್ಡ ಹೊಟ್ಟೆಯ, ನಿಧಾನದ ಮನುಷ್ಯ. ಎನಿಡ್ ಆರನೆಯ ಸಲ ಕೋಣೆ ಹೊಸದು ಮಾಡುವ ಹುಮ್ಮಸ್ಸಿನಲ್ಲಿದ್ದಳು, ಈ ಸಲ ಸಾಸಿವೆ ಬಣ್ಣ. ನೆವ್ ಕಿಟಕಿಯೊಳಗೆ ಕೈ ಚಾಚಿದ. ಗಾಜು ಸಿಗಲಿಲ್ಲ. ಭುಜದವರೆಗೆ ತೂರಿಸಿದ. ಬೆರಳ ತುದಿಗೆ ಬೆಕ್ಕು ಸಿಕ್ಕಿತು.

"ಮಿಸೆಸ್ ಪ್ಯಾಸ್ಕೋ, ಇದು ಕಿಟಕಿ ಅಲ್ಲ. ಸುರಂಗ."

"ಕಟ್ಟೆ ಅಗಲ ಇದ್ರೆ ಒಳ್ಳೇದಲ್ವೇ? ಹೂಕುಂಡ ಇಡಬಹುದು."

"ಏಳು ಇಟ್ಟಿದ್ದೀರಿ. ಸಾಲಾಗಿ ಅಲ್ಲ, ಒಂದರ ಹಿಂದೆ ಒಂದು."

ನೆವ್ ಕೋಣೆಯ ಒಳಗಿನ ಉದ್ದ ಅಳೆದ. ಹೊರಗೆ ಹೋಗಿ ತಗಡಿನ ಗೋಡೆ ಅಳೆದ. ಒಳಗೆ ಬಂದು ಟೋಪಿ ತೆಗೆದು, ಸಾವಿನ ಸುದ್ದಿ ಹೇಳುವವನ ಹಾಗೆ ಕುರ್ಚಿಯ ತುದಿಯಲ್ಲಿ ಕೂತ. "ಒಂದೊಂದು ಕಡೆ ಎರಡೂವರೆ ಅಡಿ ಕಾಣೆಯಾಗಿದೆ," ಅಂದ. "ಅಗಲದಲ್ಲೂ ಅಷ್ಟೇ. ಎತ್ತರ ಕೇಳ್ಬೇಡಿ."

ಎನಿಡ್ ತಿರುಗಿ ಗಂಡನನ್ನು ನೋಡಿದಳು. "ನಿಂಗೆ ಗೊತ್ತಿತ್ತಾ?"

"ಸ್ವಲ್ಪ ಇಕ್ಕಟ್ಟು ಅನ್ನಿಸ್ತಿತ್ತು."

"ಯಾವಾಗಿಂದ?"

"ಎಪ್ಪತ್ತೊಂಬತ್ತನೇ ಇಸ್ವಿಯಿಂದ."

"ಮತ್ತೆ ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಂಗೆ?"

"ನಿಂಗೆ ಇಷ್ಟ ಆಗಿತ್ತಲ್ಲ," ಅಂದ ಕ್ಲಾರಿ. ಐವತ್ತು ವರ್ಷದ ಸಂಸಾರದಲ್ಲಿ ಅವನು ಆಡಿದ ಪ್ರೀತಿಯ ಮಾತು ಅದೊಂದೇ ಇರಬೇಕು. ಎನಿಡ್ ಅಡುಗೆಮನೆಗೆ ಹೋಗಿ ತೊಳೆದಿಟ್ಟ ಬಟ್ಟಲುಗಳನ್ನೇ ಇನ್ನೊಮ್ಮೆ ತೊಳೆದಳು. ಮಾರನೆಯ ಬೆಳಿಗ್ಗೆ ಅವಳೇ ಸುತ್ತಿಗೆ ತಂದು ಗಂಡನ ಕೈಗೆ ಕೊಟ್ಟಳು.

ಕೀಳುವ ಕೆಲಸ ಹನ್ನೊಂದು ದಿನ ನಡೆಯಿತು. ನೆವ್ ಪರದೆಯ ಕೆಲಸ ಮರೆತು ದಿನಾ ಬಂದ. ಬೂದಿಯ ಹಿಂದೆ ಬಿಳಿ, ಬಿಳಿಯ ಹಿಂದೆ ಗುಲಾಬಿ. ಗುಲಾಬಿ ಹಾಳೆ ಕಂಡಾಗ ಎನಿಡ್ "ಅಯ್ಯೋ, ಇದೇನು ಮಾಡಿದ್ದೆ ನಾನು!" ಎಂದು ಏಪ್ರನ್ನಿನಿಂದ ಮುಖ ಮುಚ್ಚಿಕೊಂಡಳು. ಗುಲಾಬಿಯ ಹಿಂದೆ, ೧೯೮೬ರಲ್ಲಿ ಕೆಲಸದವನೊಬ್ಬ ಮರೆತು ಒಳಗೇ ಬಿಟ್ಟ ಏಣಿ ನಿಂತಿತ್ತು, ಅದರ ಮೆಟ್ಟಿಲ ಮೇಲೆ ಅವನ ಚಹಾದ ಬಟ್ಟಲು. "ಈ ಏಣೀನ ನಾನೇ ಕದ್ದೆ ಅಂತ ಆ ಮಾರಾಯ ಸಾಯೋವರೆಗೂ ನನ್ನ ಜೊತೆ ಮಾತು ಬಿಟ್ಟಿದ್ದ," ಅಂದ ಕ್ಲಾರಿ. ಅದೇ ಏಣಿ ಹತ್ತಿ ಸೂರು ಕಿತ್ತರು. ಬೀದಿಯವರು ಬಾಗಿಲಲ್ಲಿ ಬಂದು ನಿಂತರು, ಆಮೇಲೆ ಒಬ್ಬೊಬ್ಬರಾಗಿ ಮನೆಗೆ ಹೋಗಿ ತಮ್ಮ ತಮ್ಮ ಕೋಣೆ ಅಳೆಯತೊಡಗಿದರು. ಎಲ್ಲರದ್ದೂ ಒಂದಿಷ್ಟು ಕಾಣೆಯಾಗಿತ್ತು. ಮೂಲೆಮನೆಯವನೊಬ್ಬ ಮಾತ್ರ ತನ್ನ ಕೋಣೆ ಹೊರಗಿಗಿಂತ ಒಳಗೇ ದೊಡ್ಡದಿದೆ ಅಂದ. ಅವನು ಕುಡಿಯುತ್ತಾನೆ, ಯಾರೂ ನಂಬಲಿಲ್ಲ.

ಹನ್ನೊಂದನೆಯ ದಿನ ಪೈನ್ ಹಲಗೆ ಬಿತ್ತು. ಹಿಲ್ಡಾಳ ಕಾಡುಕೋಳಿಗಳು ಕತ್ತು ತಿರುಗಿಸಿ ನೋಡಿದವು. ಒಂದರ ಬಣ್ಣವೂ ಮಾಸಿರಲಿಲ್ಲ.

"ಎಷ್ಟು ಚೆನ್ನಾಗಿದೆ!" ಅಂದ ನೆವ್. "ಈಗ ಅಡಿಲೇಡ್‌ನಲ್ಲಿ ಇಂಥದ್ದೇ ಕೇಳ್ತಾರೆ ಜನ. ಹುಡುಕಿದ್ರೂ ಸಿಗಲ್ಲ."

"ಏನಂದೆ?"

"ಇದೇ ಈಗಿನ ಕಾಲದ್ದು ಮಿಸೆಸ್ ಪ್ಯಾಸ್ಕೋ."

ಎನಿಡ್ ಕೋಳಿಗಳ ಎದುರು ಹೋಗಿ ನಿಂತಳು. ಐದು ಗೋಡೆ ಕಟ್ಟಿ ಅತ್ತೆಯಿಂದ ದೂರ ಹೋದದ್ದು ಇದಕ್ಕಾಗಿಯೇ? ಹೊಸಕಾಲದ ಹೆಂಗಸು ಹಿಲ್ಡಾಳೇ ಆದಳೇ? ಕೋಳಿಗಳ ಕಡೆ ಬೆರಳು ತೋರಿಸಿ, "ಅಮ್ಮಾ, ಗೆದ್ದೆ ಅಂತ ಬೀಗಬೇಡ," ಅಂದಳು. ಕೊಟ್ಟ ಮಾತು ನೆನಪಿತ್ತು. ಮುಟ್ಟಲಿಲ್ಲ.

ಮುಟ್ಟುವ ಅಗತ್ಯವೂ ಬೀಳಲಿಲ್ಲ. ನಲವತ್ತೆರಡು ವರ್ಷದ ಮೇಲೆ ಗಾಳಿ ತಾಗಿದ್ದಕ್ಕೋ ಏನೋ, ಅಂಟು ಪುಡಿಯಾಗಿ, ಸಂಜೆ ಮೂವರೂ ಚಹಾ ಹಿಡಿದು ಕೂತಿದ್ದಾಗ ಮೊದಲ ಹಾಳೆ ಸೂರಿನ ಬುಡದಲ್ಲಿ ಬಾಗಿತು. ಸುಸ್ತಾದ ಹೆಂಗಸು ಮಂಚಕ್ಕೆ ಒರಗುವ ಹಾಗೆ ನಿಧಾನವಾಗಿ ನೆಲಕ್ಕಿಳಿಯಿತು. ಅದರ ಹಿಂದೆ ಎರಡನೆಯದು. ಊಟದ ಹೊತ್ತಿಗೆ ಕೋಳಿಗಳೆಲ್ಲ ನೆಲದ ಮೇಲೆ ಮಲಗಿದ್ದವು.

"ನಾನು ಮುಟ್ಟಿಲ್ಲ. ನೀವಿಬ್ಬರೂ ಸಾಕ್ಷಿ," ಅಂದಳು ಎನಿಡ್.

ಹಿಂದೆ ಇದ್ದದ್ದು ಹಳೆಯ ಪತ್ರಿಕೆಗಳು. ಬಿರುಕಿನಲ್ಲಿ ಗಾಳಿ, ಧೂಳು ಬಾರದಿರಲೆಂದು ಮನೆ ಕಟ್ಟಿದವರು ಹಲಗೆಗೆಲ್ಲ ಪತ್ರಿಕೆ ಅಂಟಿಸಿದ್ದರು, ೧೯೦೮ರವು. ಕ್ಲಾರಿ ಜೀವಮಾನದಲ್ಲಿ ಕುದುರೆ ಜೂಜಿನ ಪುಟ ಬಿಟ್ಟು ಬೇರೆ ಓದಿದವನಲ್ಲ. ಕನ್ನಡಕ ಹಾಕಿಕೊಂಡು ಗೋಡೆಯ ಹತ್ತಿರ ಹೋದವನು ಅಲ್ಲೇ ನಿಂತುಬಿಟ್ಟ.

"ಎನಿಡ್, ಬಾ ಇಲ್ಲಿ. ಯಾರೋ ಮಿಸೆಸ್ ಟ್ರೆಗೆನ್ನಾ ಅಂತೆ. ಪಕ್ಕದ ಮನೆ ಮೇಕೆ ಅವಳ ಚರ್ಚಿಗೆ ಹಾಕೋ ಹ್ಯಾಟು ತಿಂದುಬಿಟ್ಟಿದೆ. ಕೋರ್ಟಿಗೆ ಹೋಗಿದ್ದಾಳೆ."

"ಹ್ಯಾಟು ಪೂರ್ತಿನಾ?"

"ರಿಬ್ಬನ್ನು ಉಗಿದಿದೆ. ರಿಬ್ಬನ್ನೂ ಕೋರ್ಟಿಗೆ ತಂದಿದ್ರಂತೆ."

"ಆಮೇಲೆ? ತೀರ್ಪೇನು?"

"ಮುಂದಿನ ಪುಟ ನೋಡಿ ಅಂತಿದೆ."

ಮುಂದಿನ ಪುಟ ಆ ಕೋಣೆಯಲ್ಲಿ ಇರಲಿಲ್ಲ. ಕ್ಲಾರಿ ನಾಲ್ಕು ದಿನ ಏಣಿ ಹತ್ತಿ ಇಳಿದು ನಾಲ್ಕೂ ಗೋಡೆ ಓದಿದ. ಎನಿಡ್ ಮೊಣಕಾಲೂರಿ ಕೆಳಗಿನದನ್ನು ಓದಿದಳು. ಊಟಕ್ಕೆ ಕೂತರೆ ಮೇಕೆಯದೇ ಮಾತು. ಕಟ್ಟಿಹಾಕದ ಮೇಕೆಯ ಒಡೆಯನದೇ ತಪ್ಪು ಎಂದು ಎನಿಡ್, ಹ್ಯಾಟನ್ನು ಬೇಲಿಯ ಮೇಲೆ ಒಣಹಾಕಿದ್ದೇಕೆ ಎಂದು ಕ್ಲಾರಿ. ಮದುವೆಯಾದಂದಿನಿಂದ ಅವರಿಬ್ಬರೂ ಇಷ್ಟು ಹೊತ್ತು ಮಾತಾಡಿರಲಿಲ್ಲ. ಐದನೆಯ ದಿನ ಎನಿಡ್ ಅಡುಗೆಮನೆಯ ಹಲಗೆಗೆ ಸುತ್ತಿಗೆಯ ಮೊನೆ ಸಿಕ್ಕಿಸಿದಳು.

"ಅದು ಹೋದ ವರ್ಷ ತಾನೇ ಮಾಡಿಸಿದ್ದು," ಅಂದ ಕ್ಲಾರಿ.

"ಸುಮ್ನೆ ಹಿಡ್ಕೋ."

ಅಡುಗೆಮನೆಯಲ್ಲಿ ಸಿಕ್ಕಿದ್ದು ಬರೀ ಕುರಿ ಸಂತೆಯ ವರದಿ ಮತ್ತು ಹೊಟ್ಟೆಪಟ್ಟಿಯ ಜಾಹೀರಾತು. ಮಲಗುವ ಕೋಣೆಯಲ್ಲಿ, ಕಪಾಟು ಸರಿಸಿ, ಮೂರು ಗೋಡೆ ಕಿತ್ತ ಮೇಲೆ, ತೀರ್ಪು ಸಿಕ್ಕಿತು. ತಲೆಕೆಳಗಾಗಿ ಅಂಟಿಸಿದ್ದರಿಂದ ಕ್ಲಾರಿ ಮಂಚದ ಮೇಲೆ ಮಲಗಿ ತಲೆ ಇಳಿಬಿಟ್ಟು ಓದಬೇಕಾಯಿತು. ನ್ಯಾಯಾಧೀಶರು ಮೇಕೆಯನ್ನೇ ಮಿಸೆಸ್ ಟ್ರೆಗೆನ್ನಾಳಿಗೆ ಕೊಡಿಸಿದ್ದರು. ಆಕೆ, ಹ್ಯಾಟಿಲ್ಲದೆ, ಮೇಕೆಯನ್ನು ಹಗ್ಗದಲ್ಲಿ ಹಿಡಿದು ಕೋರ್ಟಿನಿಂದ ಮನೆಗೆ ನಡೆದಳು, ಮೇಕೆಯ ಹಳೆಯ ಒಡೆಯ ಅಳುತ್ತಾ ಬೀದಿಯ ಕೊನೆವರೆಗೂ ಹಿಂದೆ ಬಂದ ಎಂದು ವರದಿಗಾರ ಬರೆದಿದ್ದ.

"ಪಾಪ," ಅಂದಳು ಎನಿಡ್. "ಮೇಕೆ ಅವನದ್ದೇ ಆಗಿತ್ತು."

"ಈಗ ನೀನು ಅವನ ಕಡೆ!" ಕ್ಲಾರಿ ನಗುತ್ತಾ ಎದ್ದು ಕೂತ.

ಆ ಮನೆಯ ಗೋಡೆಗಳು ಈಗಲೂ ಹಾಗೇ ಇವೆ, ಮೇಲೊಂದು ಪದರ ವಾರ್ನಿಷ್ ಬಿಟ್ಟರೆ. ಚಹಾಕ್ಕೆ ಬಂದವರು ಕೂರುವುದಿಲ್ಲ, ಬಟ್ಟಲು ಹಿಡಿದು ಓದುತ್ತಾ ಕೋಣೆಯಿಂದ ಕೋಣೆಗೆ ಹೋಗುತ್ತಾರೆ. ಕೋಳಿಗಳ ಕಾಗದವನ್ನು ನೆವ್ ತನ್ನ ಹೆಂಡತಿಗೆಂದು ಸುತ್ತಿಕೊಂಡು ಹೋದ. ಎನಿಡ್‌ಳ ಕೈ ಮಾತ್ರ ಸುಮ್ಮನಿರುವುದಿಲ್ಲ. ಹಿತ್ತಲ ಪಾಯಖಾನೆ ಒಂದೇ ಈಗ ಅವಳ ಪಾಲಿಗೆ ಉಳಿದದ್ದು, ಅದಕ್ಕೆ ಸಾಸಿವೆ ಬಣ್ಣ ಹೊಡೆಯುತ್ತಿದ್ದಾಳೆ. ಕ್ಲಾರಿ ಹೊರಗೆ ಟವೆಲ್ಲು ಹೆಗಲಿಗೆ ಹಾಕಿಕೊಂಡು, ಒಳಗೆ ಹೋಗಲು ಕಾಯುತ್ತಾ ನೆಟ್ಟಗೆ ನಿಂತಿದ್ದಾನೆ. ಒಣಗಲು ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದರೆ, "ಡಬ್ಬದ ಮೇಲೆ ಬರೆದಿದೆ, ಓದ್ಕೋ," ಎಂದು ಒಳಗಿನಿಂದ ಅವಳ ಧ್ವನಿ.