ಡೆಲಿಷಸ್ ಅಂದರೆ ಏಡಿ ಸಾರು

ಹೋದ ವಾರ ಸಾಗರದ ಓಣಿಯೊಂದರಲ್ಲಿ ನಡೆದು ಬರುವಾಗ ಯಾರದೋ ಅಡುಗೆಮನೆಯಿಂದ ಏಡಿ ಸಾರು ಕುದಿಯುವ ವಾಸನೆ ಬಂತು. ಹುರಿದ ಕೊತ್ತಂಬರಿ, ಹುಳಿ, ಜೊತೆಗೆ ಗದ್ದೆಯ ಕೆಸರಿನದೇ ಒಂದು ಘಮ... ನಿಂತುಬಿಟ್ಟೆ. ನೆನಪಾದದ್ದು ಅಮ್ಮನಲ್ಲ, ನಮ್ಮ ಇಂಗ್ಲಿಷ್ ಟೀಚರ್.

ಅರವತ್ತರ ದಶಕದ ಮಾತು. ಗೇಣಿದಾರರ ಮಗಳಾದ ನಾನು ಹೊಸನಗರದಲ್ಲಿ ಹೈಸ್ಕೂಲು ಓದುತ್ತಿದ್ದೆ. ಟೀಚರ್ ಮೈಸೂರು ಕಡೆಯವರು, ಒಬ್ಬರೇ ಬಂದವರು. ಊರಿನ ದೊಡ್ಡ ಮನೆಯೊಂದರ ಹಿಂಭಾಗದಲ್ಲಿ ಬಾಡಿಗೆಗಿದ್ದರು. ಒಂದು ದಿನ ಪಾಠದಲ್ಲಿ 'ಡೆಲಿಷಸ್' ಎಂಬ ಪದ ಬಂತು. 'ಬಹಳ ರುಚಿಯಾದ' ಎಂದು ಬರೆಸಿ ಮುಂದಕ್ಕೆ ಹೋಗುವವರಲ್ಲ ಅವರು.

"ಇದರ ಬೇರು ಲ್ಯಾಟಿನ್ ಭಾಷೇದು. ಆಸೆ ಹುಟ್ಟಿಸಿ ತನ್ನ ಕಡೆ ಎಳ್ಕೊಳ್ಳೋದು ಅಂತ ಅರ್ಥ. ನಿಮ್ಮನ್ನ ಹಾಗೆ ಎಳೆಯೋದು ಯಾವುದು? ಒಂದು ವಾಕ್ಯ ಬರೀರಿ" ಎಂದರು.

ಬಹಳ ಮಂದಿ ಪುಸ್ತಕದ ಚಿತ್ರ ನೋಡಿ ಕೇಕ್ ಎಂದು ಬರೆದರು. ನಾನು ಬರೆದದ್ದು, ನಮ್ಮಮ್ಮನ ಏಡಿ ಸಾರು ಡೆಲಿಷಸ್ ಎಂದು. ಏಡಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ತಿಳಿಯದೆ 'ಏಡಿ' ಎಂದೇ ಬರೆದಿದ್ದೆ.

ಅಷ್ಟರಲ್ಲಿ ಹೆಡ್‌ಮಾಸ್ತರು ಒಳಬಂದರು. ನನ್ನ ಪುಸ್ತಕ ಎತ್ತಿ ಓದಿ ಮುಖ ಸಿಂಡರಿಸಿದರು. "ಏಡಿ ಗೀಡಿ ಎಲ್ಲ ಶಾಲೆ ಒಳಗೆ ಎಂತಕ್ಕೆ? ಕಾಟು ಹಾಕು. ಕೇಕ್ ಅಂತ ಬರಿ."

ತರಗತಿ ನಕ್ಕಿತು. ನಾನು ಪೆನ್ನು ತೆಗೆದೆ. ಟೀಚರ್ ಬಂದು ಪುಸ್ತಕದ ಮೇಲೆ ಕೈಯಿಟ್ಟರು.

"ವಾಕ್ಯದಲ್ಲಿ ತಪ್ಪೆಲ್ಲಿದೆ ಸಾರ್? ಇವಳು ತಿಂದದ್ದನ್ನ ಬರೆದಿದ್ದಾಳೆ. ಮಿಕ್ಕವರು ಕಾಣದ್ದನ್ನ ಬರೆದಿದ್ದಾರೆ."

ಆ ಭಾನುವಾರ ಅವರು ನಮ್ಮ ಮನೆಗೇ ಬಂದು ಎಲೆಯ ಮುಂದೆ ಕೂತರು. ಅಮ್ಮ ಸೌಟು ಹಿಡಿದು ನಿಂತೇ ಇದ್ದಳು. "ನಮ್ಮನೇಲಿ ಉಂಡ್ರೆ ನಿಮಗೆ ತೊಂದ್ರೆ ಆಗ್ತದಲ್ರಾ ಅಮ್ಮಾ?"

"ತೊಂದ್ರೆ ನಂದು. ನೀವು ಬಡಿಸಿ."

ಏಡಿಯ ಕಾಲು ಕಚ್ಚಲು ಬಾರದೆ ಒದ್ದಾಡಿದರು. ಅಮ್ಮ ತೋರಿಸಿಕೊಟ್ಟಳು. ಇಬ್ಬರೂ ನಕ್ಕರು...

ಮೂರನೇ ದಿನಕ್ಕೆ ಟೀಚರ್ ಬಾಡಿಗೆಗಿದ್ದ ದೊಡ್ಡ ಮನೆಯ ಯಜಮಾನರು ಖಾಲಿ ಮಾಡಿ ಎಂದರು. ತಪ್ಪಾಯಿತೆಂದರೆ ಇರಬಹುದು ಎಂದೂ ಹೇಳಿ ಕಳಿಸಿದ್ದರಂತೆ. ಟೀಚರ್ ಹಾಡುಹಗಲೇ, ಪೇಟೆಯ ನಡುವೆಯೇ, ಟ್ರಂಕು ಹೊರಿಸಿಕೊಂಡು ದರ್ಜಿ ಅಂಗಡಿಯ ಹಿಂದಿನ ಕೋಣೆಗೆ ನಡೆದರು. ಯಾರಿಗೂ ತಲೆ ತಗ್ಗಿಸಲಿಲ್ಲ.

ಹೆದರಿದವಳು ನಾನು. ಅಪ್ಪ ಗೇಣಿಗೆ ಮಾಡುತ್ತಿದ್ದದ್ದು ಅದೇ ಯಜಮಾನರ ಗದ್ದೆ. ವರ್ಷದ ಕೊನೆಯ ಪರೀಕ್ಷೆಯಲ್ಲಿ ಮತ್ತೆ ಅದೇ ಪದ ಬಂದಾಗ, ಕೇಕ್ ಡೆಲಿಷಸ್ ಎಂದು ಬರೆದು ಬಂದೆ. ತಿದ್ದಿದ ಉತ್ತರಪತ್ರಿಕೆ ಕೈಗೆ ಬಂತು. ಅಂಕ ಪೂರ್ತಿ ಇತ್ತು. ಅದರ ಕೆಳಗೆ ಕೆಂಪು ಶಾಯಿಯಲ್ಲಿ, ಕನ್ನಡದಲ್ಲಿ, ಒಂದೇ ಸಾಲು: "ಯಾವಾಗ ತಿಂದೆ?"

ಉತ್ತರ ಹೇಳುವ ಧೈರ್ಯ ಬರುವ ಮೊದಲೇ ಅವರಿಗೆ ವರ್ಗವಾಯಿತು. ತೀರ್ಥಹಳ್ಳಿಗೆ ಎಂದರು, ಆಮೇಲೆ ಇನ್ನೆಲ್ಲಿಗೋ... ತೀರಿಕೊಂಡು ಎಷ್ಟೋ ವರ್ಷವಾಯಿತೆಂದು ಈಚೆಗೆ ತಿಳಿಯಿತು.

ಇಷ್ಟದ ಊಟ ಯಾವುದೆಂದು ಯಾರಾದರೂ ಕೇಳಿದರೆ ಈಗ ನಾಲ್ಕು ಜನರ ನಡುವೆಯೂ ತಡವರಿಸದೆ ಹೇಳುತ್ತೇನೆ. ಕೆಲವರು ಮುಖ ತಿರುಗಿಸುತ್ತಾರೆ. ತಿರುಗಿಸಲಿ. ನಮ್ಮ ಆ ಟೀಚರ್ ಒಬ್ಬರು ಕೇಳಿಸಿಕೊಂಡಿದ್ದರೆ ಸಾಕಿತ್ತು.